9,500 ಡಾಲರಿನ ದೋಣಿ ಯಾಕೆ ದುಬಾರಿ?

ಮಾರಾಟಕ್ಕಿದೆ: 30 ಅಡಿಯ ಹಾಯಿದೋಣಿ, 1979ರ ಮಾಡೆಲ್. ಐದಾರು ಜನ ಮಲಗಬಹುದು. ಒಲೆ, ಐಸ್‌ಬಾಕ್ಸ್, ಶೌಚಾಲಯ, ಹೊಸ ಕುಶನ್, ಹೊಸ ಜಿಪಿಎಸ್ ಪರದೆ. ಬೆಲೆ 9,500 ಡಾಲರ್.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಮರೀನಾಗಳಲ್ಲಿ ಇಂಥ ಜಾಹೀರಾತಿಗೆ ಬರವಿಲ್ಲ. ಓದಿದ ಕೂಡಲೇ ಸಿಲಿಕಾನ್ ಕಣಿವೆಯ ಕನ್ನಡಿಗ ಇಂಜಿನಿಯರಿನ ಮನಸ್ಸು ಜಾರುತ್ತದೆ. ಆಫೀಸಿನ ಪಾರ್ಕಿಂಗಿನಲ್ಲಿ ನಿಂತ ಹಳೇ ಕಾರಿಗೂ ಇದಕ್ಕಿಂತ ಹೆಚ್ಚು ಬೆಲೆಯಿದೆಯಲ್ಲ! ಈ ಅಂಕಣಕಾರ ಮತ್ತು ಕುಂದಾಪುರ ಮೂಲದ ಅವನ ಸ್ನೇಹಿತ ಅರ್ಧರ್ಧ ದುಡ್ಡು ಹಾಕಿ ಒಂದು ದೋಣಿ ಕೊಳ್ಳೋಣವೆಂದು ಅಲಮೀಡಾದ ಧಕ್ಕೆಗಳನ್ನು ಸುತ್ತತೊಡಗಿದ್ದೂ ಹೀಗೆಯೇ. ಸ್ನೇಹಿತನ ತಂದೆ ಗಂಗೊಳ್ಳಿಯಲ್ಲಿ ಮೀನುಗಾರಿಕೆಯ ದೋಣಿ ನಡೆಸಿದವರು. ಅಂಕಣಕಾರ ಪರದೆ, ಕುಶನ್ ನೋಡಿ ತಲೆದೂಗುತ್ತಿದ್ದರೆ ಆತ ನೆಲದ ಹಲಗೆ ಎತ್ತಿ ಟಾರ್ಚ್ ಬಿಡುತ್ತಿದ್ದ. “ಕಾಂಬುಕೆ ಚೆಂದ ಇತ್ತ್ ಮಾರಾಯ್ರೆ. ಅಡಿ ಕಾಣ್ಕ್.”

ಈ ಅಳತೆಯ ದೋಣಿಗಳಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಕ್ಯಾಟಲಿನಾ 30. ಫ್ರಾಂಕ್ ಬಟ್ಲರ್ ಅವರ ಕ್ಯಾಲಿಫೋರ್ನಿಯಾದ ಕಂಪನಿ 1970ರ ದಶಕದ ಮಧ್ಯದಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಇದನ್ನು ತಯಾರಿಸಿ, 6 ಸಾವಿರಕ್ಕೂ ಮಿಕ್ಕಿ ದೋಣಿಗಳನ್ನು ನೀರಿಗಿಳಿಸಿತು. ಅಗಲ 10 ಅಡಿ 10 ಇಂಚು, ತೂಕ ಸುಮಾರು 10 ಸಾವಿರ ಪೌಂಡ್. ಆರಡಿಯ ಮನುಷ್ಯ ಒಳಗೆ ನೆಟ್ಟಗೆ ನಿಲ್ಲಬಹುದು. ಸಾವಿರಾರು ದೋಣಿಗಳು ಇನ್ನೂ ಓಡಾಡುತ್ತಿರುವುದರಿಂದ ಬಿಡಿಭಾಗ ಸಿಗುತ್ತದೆ, ಬೆಲೆಯ ಅಂದಾಜೂ ಸಿಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ಅಪರೂಪದ ಚೆಲುವೆಗಿಂತ ಇಂಥ ಸಾಮಾನ್ಯ ದೋಣಿಯೇ ಲೇಸು.

ಹಳೆಯದು ಎಂಬುದೇ ದೋಷವಲ್ಲ. ಭಾರತದ ನಾವಿಕ ಅಭಿಲಾಷ್ ಟಾಮಿ 2022-23ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದದ್ದು ರಸ್ಲರ್ 36 ಎಂಬ ದೋಣಿಯಲ್ಲಿ. 1988ಕ್ಕಿಂತ ಹಿಂದಿನ ವಿನ್ಯಾಸಗಳಿಗೆ ಮಾತ್ರ ಪ್ರವೇಶ ಎಂಬುದು ಆ ಸ್ಪರ್ಧೆಯ ನಿಯಮ. ಚೆನ್ನಾಗಿ ಕಟ್ಟಿದ ಫೈಬರ್‌ಗ್ಲಾಸ್ ಒಡಲು ನಲವತ್ತು, ಐವತ್ತು ವರ್ಷ ಬಾಳುತ್ತದೆ. ಆದರೆ ಅದಕ್ಕೆ ತಗಲಿಕೊಂಡ ಸಾಮಾನು ಅಷ್ಟು ಬಾಳುವುದಿಲ್ಲ, ದುಡ್ಡು ಸೋರುವುದೂ ಅಲ್ಲೇ.

ರಿಗ್ಗಿಂಗ್ ತೆಗೆದುಕೊಳ್ಳಿ. ಹಾಯಿಯ ಕಂಬವನ್ನು ನಾಲ್ಕೂ ಕಡೆಯಿಂದ ಬಿಗಿದು ನಿಲ್ಲಿಸುವ ಈ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಆಯುಸ್ಸು. ಹೊರಗೆ ಫಳಫಳ ಹೊಳೆಯುತ್ತಿದ್ದರೂ ತುದಿಯ ಕೊಳವೆಯೊಳಗೆ ತುಕ್ಕು ತಿಂದಿರಬಹುದು. ಒಂದು ತಂತಿ ಹರಿದರೆ ಕಂಬವೇ ಬೀಳಬಹುದು. ಅದಕ್ಕೇ ಹಳೆಯ ದೋಣಿಗೆ ವಿಮೆ ಕೊಡುವ ಕಂಪನಿ ಕೆಲವೊಮ್ಮೆ ತಂತಿ ಬದಲಿಸಿದ ವರ್ಷವನ್ನು ಕೇಳುತ್ತದೆ. ಜಾಹೀರಾತಿನಲ್ಲಿ ಆ ವರ್ಷ ಕಾಣುವುದು ಅಪರೂಪ. ಕುಶನ್ನಿನ ಬಣ್ಣ ಮಾತ್ರ ಕಡ್ಡಾಯವಾಗಿ ಇರುತ್ತದೆ.

ಇಂಜಿನ್ನಿನದು ಇನ್ನೊಂದು ಕಥೆ. ಎಪ್ಪತ್ತರ ದಶಕದ ಬಹಳಷ್ಟು ದೋಣಿಗಳಲ್ಲಿ ಅಟಾಮಿಕ್ 4 ಎಂಬ ಪೆಟ್ರೋಲ್ ಇಂಜಿನ್ ಇರುತ್ತದೆ. ಗಟ್ಟಿ ಯಂತ್ರ, ಬಿಡಿಭಾಗ ಇಂದಿಗೂ ಸಿಗುತ್ತದೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕೂರುವುದರಿಂದ ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಫ್ಯಾನ್ ಹಾಕಿ ಹೊರಗೆ ಓಡಿಸಬೇಕು. ಡೀಸೆಲ್‌ಗೆ ಈ ತಾಪತ್ರಯವಿಲ್ಲ, ಮರುಮಾರಾಟದಲ್ಲೂ ಅದರದ್ದೇ ಮೇಲುಗೈ. ಪೆಟ್ರೋಲ್ ಕಿತ್ತು ಡೀಸೆಲ್ ಕೂರಿಸುತ್ತೇನೆ ಎಂದು ಹೊರಟರೆ ಆ ಒಂದು ಕೆಲಸಕ್ಕೇ ಈ ದೋಣಿಯ ಬೆಲೆಗಿಂತ ಹೆಚ್ಚು ತೆರಬೇಕಾದೀತು.

9,500 ಡಾಲರಿನ ದೋಣಿಗೆ ಇಬ್ಬರೂ ಕೂತು ಲೆಕ್ಕ ಬರೆದರು. ರಿಗ್ಗಿಂಗ್ ಯಾವಾಗ ಬದಲಿಸಿದ್ದು ಎಂದು ಮಾಲೀಕರಿಗೇ ನೆನಪಿರಲಿಲ್ಲ. ಹೊಸದಕ್ಕೆ ಬಂದ ಕೊಟೇಶನ್ 8,000. ಹಾಯಿಗಳು ಹಳೇ ಲುಂಗಿಯಂತೆ ಜೋತುಬಿದ್ದಿದ್ದವು, ಎರಡಕ್ಕೆ 4,500. ಇಂಧನ ಟ್ಯಾಂಕ್ ಮತ್ತು ಎಕ್ಸಾಸ್ಟ್‌ಗೆ 2,000. ನೀರಿನಿಂದ ಮೇಲೆತ್ತಿ ತಳಕ್ಕೆ ಬಣ್ಣ ಹೊಡೆಯಲು 2,500. ಒಟ್ಟು 26,500 ಡಾಲರ್. ಇಂಜಿನ್ ಇನ್ನೂ ಪೆಟ್ರೋಲಿನದ್ದೇ.

ಅದೇ ಧಕ್ಕೆಯ ಇನ್ನೊಂದು ತುದಿಯಲ್ಲಿ 1988ರ ದೋಣಿಯೊಂದಿತ್ತು. ಕೇಳಿದ ಬೆಲೆ 19,000. ಕುಶನ್ ಮಾಸಿತ್ತು, ಪರದೆ ಹಳೇ ಕಾಲದ್ದು. ಆದರೆ ಡೀಸೆಲ್ ಇಂಜಿನ್, ಆರು ವರ್ಷ ಹಿಂದೆ ಬದಲಿಸಿದ ರಿಗ್ಗಿಂಗ್, ಜತೆಗೆ ಮಾಲೀಕರ ಬಳಿ ಒಂದು ಫೈಲಿನ ತುಂಬ ರಸೀದಿ.

ಆದರೂ ದೋಣಿಯನ್ನು ತಪಾಸಣೆ ಮಾಡುವ ಸರ್ವೇಯರ್ ಇಲ್ಲದೆ ಚೆಕ್ ಬರೆಯುವಂತಿಲ್ಲ. ಮಾರುವವರಾಗಲಿ ಬ್ರೋಕರ್ ಆಗಲಿ ಸೂಚಿಸಿದವರನ್ನು ಬಿಟ್ಟು ಕೊಳ್ಳುವವರೇ ಹುಡುಕಿದವರಾದರೆ ಒಳ್ಳೆಯದು. ಫೀಸು, ದೋಣಿಯನ್ನು ಕ್ರೇನಿನಲ್ಲಿ ಎತ್ತಿಸುವ ಖರ್ಚು ಎರಡೂ ಕೊಳ್ಳುವವರದೇ. ಇವರು ಕರೆಸಿದ ಸರ್ವೇಯರ್ ಪುಟ್ಟ ಸುತ್ತಿಗೆಯಿಂದ ಒಡಲಿನ ಉದ್ದಕ್ಕೂ ತಟ್ಟುತ್ತ, ಸದ್ದು ಮಂಕಾದ ಕಡೆ ತೇವ ಅಳೆಯುವ ಮೀಟರ್ ಇಡುತ್ತ ಹೋದರು. ಕಂಬದ ಭಾರ ಹೊರುವ ಒಳಗಂಬದ ಅಡಿಯ ಮರ ನೆನೆದು ನೆನೆದು ಕೊಳೆತದ್ದು ಸಿಕ್ಕಿತು. ರಿಪೇರಿಗೆ 1,500. ಆ ವರದಿ ಮುಂದಿಟ್ಟು ಮಾತಾಡಿದಾಗ ಬೆಲೆ 16,800ಕ್ಕೆ ಇಳಿಯಿತು. ಸರ್ವೇಗೆ ಕೊಟ್ಟ ದುಡ್ಡು ಅಲ್ಲೇ ವಾಪಸು ಬಂದಂತಾಯಿತು. ದುಬಾರಿ ದೋಣಿ ರಿಪೇರಿಯೂ ಸೇರಿ 18,300ಕ್ಕೆ ಮುಗಿಯಿತು.

ತೆರಿಗೆಯನ್ನು ಬಹಳ ಜನ ಮರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ವ್ಯಕ್ತಿಯಿಂದ ಹಳೇ ದೋಣಿ ಕೊಂಡರೂ ಯೂಸ್ ಟ್ಯಾಕ್ಸ್ ಉಂಟು. ಮೂಲ ದರವೇ ಶೇ. 7.25, ಅದರ ಮೇಲೆ ಊರಿನ ತೆರಿಗೆ. ಇಷ್ಟಕ್ಕೆ ಮುಗಿಯದೆ ಕೌಂಟಿಯವರು ದೋಣಿಯನ್ನೂ ಆಸ್ತಿಯೆಂದು ಎಣಿಸಿ ವರ್ಷವರ್ಷ ಬಿಲ್ ಕಳಿಸುತ್ತಾರೆ. ಹಿಂದಿನ ಮಾಲೀಕ ಧಕ್ಕೆಯ ಬಾಡಿಗೆ ಬಾಕಿ ಉಳಿಸಿದ್ದರೆ ಆ ಸಾಲ ದೋಣಿಗೇ ಅಂಟಿಕೊಂಡು ಬರಬಹುದು. ಮರೀನಾ ಕಚೇರಿಯಲ್ಲಿ ವಿಚಾರಿಸದೆ ಸಹಿ ಹಾಕಬಾರದು.

ಬಾಡಿಗೆ ಉಳಿಸಲು ದೋಣಿಯಲ್ಲೇ ಸಂಸಾರ ಹೂಡುತ್ತೇನೆ ಎನ್ನುವ ಬ್ರಹ್ಮಚಾರಿಗಳೂ ಇದ್ದಾರೆ. ಈ ಕೊಲ್ಲಿಯ ಮರೀನಾಗಳಲ್ಲಿ ವಾಸದ ದೋಣಿಗಳು ಶೇ. 10ರಷ್ಟು ಜಾಗವನ್ನು ಮೀರಬಾರದೆಂಬ ಮಿತಿಯಿದೆ. ಅಂಥ ಜಾಗ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಬ್ಬರೂ ಕೊಂಡ ದೋಣಿಯ ತಿಂಗಳ ಖರ್ಚು ಹೀಗಿದೆ: ಧಕ್ಕೆಯ ಜಾಗಕ್ಕೆ ಅಡಿಗೆ 12 ಡಾಲರಿನಂತೆ 360, ವಿಮೆಗೆ 40, ನೀರಿಗಿಳಿದು ತಳ ಉಜ್ಜುವ ಡೈವರ್‌ಗೆ 60, ಮುಂದಿನ ರಿಪೇರಿಗೆಂದು ಎತ್ತಿಡುವುದು 150. ಒಟ್ಟು 610, ತಲಾ 305. ದೋಣಿ ಕದಲಲಿ, ಬಿಡಲಿ, ಇಷ್ಟಂತೂ ಹೋಗುತ್ತದೆ. ತಿಂಗಳಿಗೆ ಒಂದೇ ಸಲ ಹಾಯಿ ಬಿಚ್ಚುವವರು ಸೇಲಿಂಗ್ ಕ್ಲಬ್ಬಿನ ಸದಸ್ಯರಾಗಿ ಬೇಕೆಂದಾಗ ಬಾಡಿಗೆಗೆ ತೆಗೆದುಕೊಳ್ಳುವುದೇ ವಾಸಿ. ವಾರವಾರ ಹೋಗುವವರು ಕೊಳ್ಳಲಿ.

ಇಬ್ಬರು ಸೇರಿ ಕೊಳ್ಳುವವರಿಗೆ ಇನ್ನೊಂದು ಮಾತು. ಇಲ್ಲಿನ ಮೋಟಾರು ವಾಹನ ಇಲಾಖೆ ಕೊಡುವ ಮಾಲೀಕತ್ವದ ಪತ್ರದಲ್ಲಿ ಎರಡು ಹೆಸರುಗಳ ನಡುವೆ ‘ಅಥವಾ’ ಎಂದಿದ್ದರೆ ಒಬ್ಬರ ಸಹಿಯಲ್ಲೇ ದೋಣಿ ಮಾರಿಬಿಡಬಹುದು; ‘ಮತ್ತು’ ಎಂದಿದ್ದರೆ ಇಬ್ಬರೂ ಸಹಿ ಹಾಕಬೇಕು. ಎಷ್ಟೇ ಹಳೆಯ ಗೆಳೆಯರಾದರೂ ‘ಮತ್ತು’ ಎಂದೇ ಬರೆಸಿಕೊಳ್ಳಿ.