ವಿಡಿಯೋ ಆಟಗಳ ವಾದವಿವಾದ: ಒಂದು ವಿಚಾರ

‘ಆಟ’ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥವ್ಯಾಪ್ತಿ ಬಹಳ. ಬಯಲಿನಲ್ಲಿ ಹುಡುಗರು ಆಡುವ ಚಿಣ್ಣಿಕೋಲು, ಕಬಡ್ಡಿಗಳೂ ಆಟವೇ. ಜಾತ್ರೆಯಲ್ಲಿ ಬೆಳಗಿನ ವರೆಗೆ ನಡೆಯುವ ದೊಡ್ಡಾಟ, ಸಣ್ಣಾಟಗಳೂ ಆಟವೇ. ಇಸ್ಪೀಟಿನ ಎಲೆ ಹಿಡಿದು ಹಣ ಒಡ್ಡಿ ಕುಳಿತವರದೂ ಆಟವೇ. ಮೊದಲನೆಯದರಲ್ಲಿ ಮೈ ದಣಿಯುತ್ತದೆ; ಎರಡನೆಯದರಲ್ಲಿ ಮನಸ್ಸು ಕಥೆಯ ಬೆನ್ನು ಹತ್ತಿ ಹೋಗುತ್ತದೆ; ಮೂರನೆಯದರಲ್ಲಿ ಮನೆಯೇ ಹೋಗುತ್ತದೆ. ನಮ್ಮ ಹಿರಿಯರು ಮೂರಕ್ಕೂ ಒಂದೇ ಹೆಸರಿಟ್ಟರೂ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ.

ಇಂದು ಅಂಗೈಯಗಲದ ಮೊಬೈಲಿನಲ್ಲಿ ಈ ಮೂರೂ ಒಟ್ಟಿಗೆ ಬಂದು ಸೇರಿವೆ. ಆದುದರಿಂದ ವಿಡಿಯೋ ಆಟಗಳ ಮಾತು ಬಂದಾಗ ಪಾಲಕರ ಸಭೆಯಲ್ಲಾಗಲಿ ಶಾಸನಸಭೆಯಲ್ಲಾಗಲಿ ಒಂದು ಬಗೆಯ ಗೊಂದಲ ತಲೆದೋರುತ್ತದೆ. ಒಬ್ಬರು ಹೊತ್ತು ಹಾಳಾಯಿತೆಂದು ಮರುಗುತ್ತಾರೆ. ಇನ್ನೊಬ್ಬರು ಹಿಂಸೆಯ ದೃಶ್ಯಗಳನ್ನು ಹಳಿಯುತ್ತಾರೆ. ಮತ್ತೊಬ್ಬರು ಕಳೆದುಹೋದ ಹಣದ ಲೆಕ್ಕ ಹೇಳುತ್ತಾರೆ. ಎಲ್ಲರೂ ‘ಗೇಮ್’ ಎಂಬ ಒಂದೇ ಶಬ್ದವನ್ನು ಬಯ್ಯುತ್ತಾರೆ. ಬಯ್ಯುವ ವಸ್ತು ಮಾತ್ರ ಬೇರೆ ಬೇರೆ. ಈ ಗಂಟನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆಡುವವರಾದ ಮೇಲಿನ ಇಯತ್ತೆಯ ವಿದ್ಯಾರ್ಥಿಗಳೂ, ಬಯ್ಯುವವರಾದ ಅವರ ಪಾಲಕರೂ ಇದನ್ನು ಓದಬೇಕೆಂದು ನನ್ನ ಅಪೇಕ್ಷೆ.

ಮೊದಲು ನಮ್ಮ ಊರಿಗೇ ಸಂಬಂಧಪಟ್ಟ ಸಂಗತಿಯನ್ನು ತೆಗೆದುಕೊಳ್ಳೋಣ. 2017ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಸೊಲ್ಲಾಪುರದ ಶಾಲಾಬಾಲಕನೊಬ್ಬನು ಮನೆಯವರಿಗೆ ಹೇಳದೆ ಪುಣೆಯ ಬಸ್ಸನ್ನು ಹತ್ತಿದನು. ಪೊಲೀಸರು ಸುಳಿವು ಹಿಡಿದು ಭಿಗವಣದ ಬಳಿ ಬಸ್ಸಿನಲ್ಲಿಯೇ ಅವನನ್ನು ಪತ್ತೆಹಚ್ಚಿದರು. ಹುಡುಗನು ಸುರಕ್ಷಿತವಾಗಿ ಮನೆ ಸೇರಿದನು. ಆದರೆ ಅವನು ‘ಬ್ಲೂ ವ್ಹೇಲ್’ ಎಂಬ ಆಟದ ಬಲೆಗೆ ಸಿಕ್ಕಿದ್ದನೆಂಬ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಅದಕ್ಕೆ ಕೆಲವೇ ದಿನ ಮೊದಲು ಮುಂಬಯಿಯಲ್ಲಿ ನಡೆದ ವಿದ್ಯಾರ್ಥಿಯೊಬ್ಬನ ಮರಣಕ್ಕೂ ಇದೇ ಹೆಸರನ್ನು ಹಚ್ಚಲಾಗಿತ್ತು. ಆಗಸ್ಟ್ 11ರಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಮಂತ್ರಾಲಯವು ಗೂಗಲ್, ಫೇಸ್‌ಬುಕ್ ಮೊದಲಾದ ಕಂಪನಿಗಳಿಗೆ ಪತ್ರ ಬರೆದು, ಆ ಆಟಕ್ಕೆ ಒಯ್ಯುವ ಕೊಂಡಿಗಳನ್ನೆಲ್ಲ ತೆಗೆದುಹಾಕಬೇಕೆಂದು ಸೂಚಿಸಿತು. ಶಾಲೆಗಳಿಗೆ ಎಚ್ಚರಿಕೆಯ ಸೂಚನೆಗಳು ಬಂದವು. ಮನೆಮನೆಗಳಲ್ಲಿ ಹುಡುಗರ ಕೈಯೊಳಗಿನ ಮೊಬೈಲು ಕಪಾಟು ಸೇರಿತು.

ಈಗ ಶಾಂತಚಿತ್ತದಿಂದ ಕೇಳಬೇಕಾದ ಪ್ರಶ್ನೆ ಇದು: ಆ ಆಟ ಇದ್ದುದೆಲ್ಲಿ? ಅದು ಯಾವ ಕಂಪನಿಯೂ ಮಾರುವ ಆಟವಾಗಿರಲಿಲ್ಲ. ಮೊಬೈಲಿಗೆ ಇಳಿಸಿಕೊಳ್ಳುವ ಆ್ಯಪ್ ಆಗಿರಲಿಲ್ಲ. ಅದರಲ್ಲಿ ಚಿತ್ರವೂ ಇರಲಿಲ್ಲ, ಅಂಕಗಳೂ ಇರಲಿಲ್ಲ. 2016ರಲ್ಲಿ ರಷ್ಯಾದ ಪತ್ರಿಕೆಯೊಂದು ಪ್ರಕಟಿಸಿದ ವರದಿಯಿಂದ ಹುಟ್ಟಿದ ಸುದ್ದಿ ಅದು. ಅಲ್ಲಿಯ ಸಾಮಾಜಿಕ ಜಾಲದ ಕೆಲವು ಗುಂಪುಗಳಲ್ಲಿ ಅಪರಿಚಿತರು ಎಳೆಯರ ಸ್ನೇಹ ಮಾಡಿ, ಐವತ್ತು ದಿನ ಒಂದೊಂದು ಆಜ್ಞೆ ಕೊಟ್ಟು, ಕೊನೆಗೆ ಪ್ರಾಣಕ್ಕೇ ತರುತ್ತಾರೆಂಬುದು ಅದರ ಸಾರ. ಭಾರತದಲ್ಲಿ ಈ ಹೆಸರು ಹಚ್ಚಿದ ಘಟನೆಗಳನ್ನೆಲ್ಲ ಸರಕಾರದ ಸಮಿತಿಯೊಂದು ಪರಿಶೀಲಿಸಿತು. ಮಕ್ಕಳ ಮೊಬೈಲು, ಕರೆಗಳ ದಾಖಲೆ, ಜಾಲದ ಮೇಲಿನ ವ್ಯವಹಾರ ಎಲ್ಲವನ್ನೂ ನೋಡಿದ ಮೇಲೆ, ಯಾವ ಘಟನೆಯಲ್ಲಿಯೂ ಬ್ಲೂ ವ್ಹೇಲಿನ ಸಂಬಂಧ ಸ್ಥಾಪಿತವಾಗಲಿಲ್ಲವೆಂದು 2018ರ ಜನವರಿಯಲ್ಲಿ ಗೃಹ ರಾಜ್ಯಮಂತ್ರಿಗಳು ಲೋಕಸಭೆಗೆ ತಿಳಿಸಿದರು. ಆಗಸ್ಟಿನ ಭಯ ಮೊದಲ ಪುಟದಲ್ಲಿ ಬಂದಿತ್ತು. ಜನವರಿಯ ಉತ್ತರ ಯಾರ ಕಣ್ಣಿಗೂ ಬೀಳಲಿಲ್ಲ.

ಇದರಿಂದ ಆದ ಹಾನಿ ಯಾವುದು? ಒಬ್ಬ ಬಾಲಕನ ವಿಷಯ ಎತ್ತಿ ಆಡುವುದು ಸಲ್ಲದು, ಸಾಮಾನ್ಯವಾಗಿ ಹೇಳುತ್ತೇನೆ. ಮಗು ಮನೆ ಬಿಟ್ಟು ಹೊರಟರೆ, ಊಟ ಬಿಟ್ಟರೆ, ಮಾತು ಬಿಟ್ಟರೆ ಅದಕ್ಕೆ ಕಾರಣ ಮನೆಯಲ್ಲಿರಬಹುದು, ಶಾಲೆಯಲ್ಲಿರಬಹುದು, ಪರೀಕ್ಷೆಯ ಅಂಕಗಳಲ್ಲಿರಬಹುದು. ‘ಗೇಮ್ ಹಿಡಿದಿದೆ’ ಎಂದು ಒಮ್ಮೆ ಹೇಳಿಬಿಟ್ಟರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಹಿಂದೆ ‘ಗಾಳಿ ಹಿಡಿದಿದೆ’ ಎಂದು ಸುಮ್ಮನಾಗುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಅಂತರವಿಲ್ಲ.

ಇನ್ನು ನಿಜವಾಗಿ ಇರುವ ಆಟಕ್ಕೆ ಬರೋಣ. ‘ಪಬ್‌ಜಿ’ಯ ಹೆಸರು ಕೇಳದವರು ಈಗ ಯಾರೂ ಇಲ್ಲ. ನೂರು ಜನ ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಬಿದ್ದಿರುವ ಆಯುಧಗಳನ್ನು ಆರಿಸಿಕೊಂಡು ಪರಸ್ಪರ ಬೇಟೆಯಾಡುತ್ತಾರೆ. ಸುರಕ್ಷಿತ ಪ್ರದೇಶದ ವರ್ತುಲ ಗಳಿಗೆಗಳಿಗೆಗೆ ಚಿಕ್ಕದಾಗುತ್ತದೆ. ಕೊನೆಗೆ ಉಳಿದವನೇ ಗೆದ್ದವನು. ಕೊರಿಯಾದಲ್ಲಿ ರಚಿತವಾದ ಈ ಆಟದ ಮೊಬೈಲ್ ರೂಪವನ್ನು 2018ರಲ್ಲಿ ಚೀನದ ಟೆನ್ಸೆಂಟ್ ಕಂಪನಿ ಹೊರತಂದಿತು. 2019ರ ಜನವರಿಯಲ್ಲಿ ಪರೀಕ್ಷಾರ್ಥಿಗಳೊಡನೆ ಪ್ರಧಾನಮಂತ್ರಿಗಳು ನಡೆಸಿದ ಸಂವಾದದಲ್ಲಿ ತಾಯಿಯೊಬ್ಬರು ಮಗನ ಆಟದ ಹುಚ್ಚನ್ನು ಹೇಳಿಕೊಂಡಾಗ, ಅವನು ಪಬ್‌ಜಿಯವನೇ ಎಂದು ಪ್ರಧಾನಿಗಳೇ ಕೇಳಿದುದರಿಂದ ಅದರ ಪ್ರಸಿದ್ಧಿ ತಿಳಿಯಬಹುದು. ಅದೇ ವರ್ಷದ ಮಾರ್ಚಿನಲ್ಲಿ ಗುಜರಾತಿನ ರಾಜಕೋಟದ ಪೊಲೀಸರು ಆಟವನ್ನು ನಿಷೇಧಿಸಿ, ಆಡುತ್ತಿದ್ದ ವಿದ್ಯಾರ್ಥಿಗಳನ್ನು ಬಂಧಿಸಿಯೂ ಬಿಟ್ಟರು. ಹುಡುಗರ ಓದು ಕೆಡುತ್ತದೆಂದು ಹುಡುಗರನ್ನೇ ಠಾಣೆಗೆ ಒಯ್ಯುವುದು ಎಂಥ ಶಿಕ್ಷಣವೋ ನನಗೆ ತಿಳಿಯದು.

ಬಳಿಕ 2020ರ ಸಪ್ಟೆಂಬರ್ 2ರಂದು ಕೇಂದ್ರ ಸರಕಾರವು ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಾಲಕರು ಸಂತೋಷಪಟ್ಟರು. ಆದರೆ ಆಜ್ಞೆಯ ಕಾರಣವನ್ನು ಓದಿದವರು ಕಡಿಮೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನ ಮೇರೆಗೆ ಹೊರಟ ಆ ನಿಷೇಧಕ್ಕೆ ಆಧಾರವಾದುದು ದೇಶದ ಸಾರ್ವಭೌಮತ್ವ ಹಾಗೂ ಭದ್ರತೆ. ನಾಗರಿಕರ ಮಾಹಿತಿ ಹೊರದೇಶಕ್ಕೆ ಹೋಗುತ್ತಿದೆಯೆಂಬ ಆಕ್ಷೇಪ. ಗಲ್ವಾನ್ ಕಣಿವೆಯ ಘರ್ಷಣೆ ನಡೆದು ಆಗ ಮೂರು ತಿಂಗಳೂ ಆಗಿರಲಿಲ್ಲ. ನಿಮ್ಮ ಮಗನ ಗಣಿತದ ಅಂಕಗಳ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದಲೇ ಕೊರಿಯಾದ ಕಂಪನಿ ಚೀನದ ಹಂಗು ಬಿಟ್ಟು, ಹೆಸರಿನಲ್ಲಿ ‘ಇಂಡಿಯಾ’ ಸೇರಿಸಿ, 2021ರ ಜುಲೈಯಲ್ಲಿ ಅದೇ ಬಗೆಯ ಆಟವನ್ನು ಮರಳಿ ತಂದಿತು. 2022ರ ಜುಲೈಯಲ್ಲಿ ಅದನ್ನು ತಡೆಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಿಡಲಾಯಿತು. ‘ಫ್ರೀ ಫಾಯರ್’ ಎಂಬುದನ್ನು 2022ರ ಫೆಬ್ರುವರಿಯಲ್ಲಿ ನಿಷೇಧಿಸಿದಾಗ ಅದರದೇ ಒಡಹುಟ್ಟಾದ ‘ಫ್ರೀ ಫಾಯರ್ ಮ್ಯಾಕ್ಸ್’ ಹಾಗೆಯೇ ಉಳಿಯಿತು. ರಾಜ್ಯಾಂಗಕ್ಕೆ ತನ್ನವೇ ಕಾರಣಗಳಿರುತ್ತವೆ. ಅವು ನ್ಯಾಯವಾದವೂ ಆಗಿರಬಹುದು. ಆದರೆ ಅವು ನಮ್ಮ ಕಾರಣಗಳಲ್ಲ. ಗಡಿ ಕಾಯುವವರು ನಮ್ಮ ಮನೆಯ ಪಡಸಾಲೆಯನ್ನೂ ಕಾಯುತ್ತಾರೆಂದು ನಂಬಿ ಕುಳಿತ ಪಾಲಕನಿಗೆ ನಿರಾಶೆಯೇ ಗತಿ.

ಹಣದ ಆಟದ ವಿಷಯ ಹೀಗಲ್ಲ. ಅಲ್ಲಿ ಕಾಯಿದೆಯ ಕೈ ಬಹಳ ಹಿಂದಿನಿಂದಲೂ ಇದೆ. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯೊಂದು ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಪ್ರವೇಶಶುಲ್ಕ ಕಟ್ಟಿ ಮುಂಬಯಿ ರಾಜ್ಯದ ಜನರೂ ಉತ್ತರ ಕಳಿಸುತ್ತಿದ್ದರು. ಇದರ ಮೇಲೆ ಮುಂಬಯಿ ಸರಕಾರವು ಕರ ಹಾಕಿ ನಿರ್ಬಂಧಿಸಬಹುದೆ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಚಮಾರಬಾಗವಾಲಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 1957ರ ಏಪ್ರಿಲಿನಲ್ಲಿ ತೀರ್ಪಾಯಿತು: ಜೂಜು ವ್ಯಾಪಾರವಲ್ಲ, ಸಂವಿಧಾನವು ವ್ಯಾಪಾರಕ್ಕೆ ಕೊಟ್ಟ ರಕ್ಷಣೆ ಅದಕ್ಕೆ ಸಲ್ಲದು. ಆದರೆ ಗೆಲುವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ. ಅಂದಿನಿಂದ ಇಂದಿನ ವರೆಗೆ ಎಲ್ಲ ವಾದವೂ ಈ ಒಂದು ಗೆರೆಯ ಮೇಲೆಯೇ ನಡೆದಿದೆ. ಮೊಬೈಲಿನ ರಮ್ಮಿ ಕೌಶಲವೋ ಅದೃಷ್ಟವೋ?

ಗಡಿಯಲ್ಲಿರುವ ನಮಗೆ ಈ ಪ್ರಶ್ನೆಯ ವಿಚಿತ್ರ ರೂಪವೊಂದು ಕಾಣಸಿಕ್ಕಿತು. ಕರ್ನಾಟಕವು 2021ರ ಅಕ್ಟೋಬರಿನಲ್ಲಿ ತನ್ನ ಪೊಲೀಸು ಕಾಯಿದೆಯನ್ನು ತಿದ್ದಿ ಹಣ ಒಡ್ಡುವ ಜಾಲದ ಆಟಗಳನ್ನೆಲ್ಲ ಅಪರಾಧವೆಂದಿತು. ಆಗ ಆಳಂದದಲ್ಲಿ ಅಪರಾಧವಾದದ್ದು ಅಕ್ಕಲಕೋಟೆಯಲ್ಲಿ ಆಗಿರಲಿಲ್ಲ. ಎರಡು ಊರಿನವರೂ ಆಡುತ್ತಿದ್ದುದು ಒಂದೇ ಮೊಬೈಲಿನಲ್ಲಿ, ಮಾತಾಡುತ್ತಿದ್ದುದು ಒಂದೇ ಕನ್ನಡದಲ್ಲಿ. 2022ರ ಫೆಬ್ರುವರಿ 14ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಮಾಡಿತು. ಕೌಶಲ, ಅದೃಷ್ಟಗಳ ಭೇದವನ್ನೇ ಬಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಜಾಲದ ಆಟಗಳನ್ನೆಲ್ಲ ಅದು ನಿಷೇಧಿಸುತ್ತದೆ; ನಡೆಸುವವರಿಗೆ ಮೂರು ವರ್ಷದ ವರೆಗೆ ಸೆರೆ, ಒಂದು ಕೋಟಿ ರೂಪಾಯಿಯ ವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಇದು ವಿವೇಕದ ಮಾತೆಂದು ನನ್ನ ಅಭಿಪ್ರಾಯ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೆ ಮಹಾರಾಷ್ಟ್ರದ ಅಂದಿನ ಕೃಷಿಮಂತ್ರಿ ಮಾಣಿಕರಾವ ಕೋಕಾಟೆಯವರು ವಿಧಾನ ಪರಿಷತ್ತಿನಲ್ಲಿ ಕುಳಿತು ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದರೆಂದು ವಿರೋಧ ಪಕ್ಷದವರು ದೃಶ್ಯವನ್ನು ಪ್ರಕಟಿಸಿದ್ದರು. ತಾವು ಆಡುತ್ತಿರಲಿಲ್ಲವೆಂದು ಮಂತ್ರಿಗಳು ಹೇಳಿದರು. ತಿಂಗಳ ಕೊನೆಗೆ ಅವರ ಖಾತೆ ಬದಲಾಯಿತು. ಕೊಟ್ಟದ್ದು ಕ್ರೀಡಾ ಖಾತೆ! ಇದಕ್ಕೆ ಟೀಕೆ ಬರೆಯುವ ಶ್ರಮವನ್ನು ವಾಚಕರಿಗೇ ಬಿಡುತ್ತೇನೆ.

ಹೊತ್ತಿನ ವಿಷಯ ಸಂಕ್ಷೇಪವಾಗಿ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವನ್ನು ಸೇರಿಸಿದ್ದು ನಿಜ. ಅದು 2022ರಿಂದ ಜಾರಿಯಲ್ಲಿದೆ. ಆದರೆ ಅದರ ಲಕ್ಷಣಗಳನ್ನು ಓದಿರಿ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದ ಕೆಲಸಗಳೆಲ್ಲ ಹಿಂದೆ ಬಿದ್ದಿರಬೇಕು, ಹಾನಿಯಾಗುತ್ತಿದ್ದರೂ ಬಿಡಲಾರದಂತಾಗಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರಬೇಕು. ಊಟಕ್ಕೆ ಕರೆದಾಗ ಎರಡು ಸಲ ‘ಬಂದೆ’ ಎಂದವನು ರೋಗಿಯಲ್ಲ. ನಿಜವಾಗಿ ಬೇನೆ ಬಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕೆಂದೇ ಚಿಕಿತ್ಸಾಲಯವಿದೆ.

ಉಳಿದದ್ದು ಆಟದ ಒಳಗಿನ ಕಥೆ, ನೋಟ, ನೀತಿ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಇದನ್ನೇ ಯಾರೂ ವಿಚಾರಿಸುವುದಿಲ್ಲ. ಆಟಗಳನ್ನು ಕುರಿತು ಬರೆಯುವುದು ಹಗುರವಾದ ಕೆಲಸವೆಂದು ನಮ್ಮ ಪೂರ್ವಿಕರು ಬಗೆಯಲಿಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ಭಾಗಗಳಲ್ಲಿ ಒಂದು ವಿನೋದಕ್ಕೆ, ಮತ್ತೊಂದು ಕ್ರೀಡೆಗೆ ಮೀಸಲು. ಕಂಪನಿ ನಾಟಕ ನೋಡಿದರೆ ಹುಡುಗರು ಕೆಡುತ್ತಾರೆಂದು ಬಯ್ಯುತ್ತಿದ್ದ ಕಾಲವೂ ನಮ್ಮಲ್ಲಿತ್ತು. ಆಮೇಲೆ ನಾಟಕವನ್ನು ನೋಡಿ, ಇದು ಒಳ್ಳೆಯದು, ಇದು ಹೊಲಸು ಎಂದು ಕಾರಣ ಸಹಿತ ಬರೆಯಬಲ್ಲ ವಿಮರ್ಶಕರು ಹುಟ್ಟಿದರು. ವಿಡಿಯೋ ಆಟಕ್ಕೆ ಕನ್ನಡದಲ್ಲಿ ಅಂಥ ವಿಮರ್ಶೆ ಇನ್ನೂ ಬೆಳೆಯಬೇಕಾಗಿದೆ.

ವಿಮರ್ಶೆಗೆ ಸಾಮಗ್ರಿ ಬೇಕಾದಷ್ಟಿದೆ. ಪಬ್‌ಜಿಯ ನಿಷೇಧವಾಗಿ ಎರಡೇ ದಿನಗಳಲ್ಲಿ, ಬೆಂಗಳೂರಿನ ಕಂಪನಿಯೊಂದರ ‘ಫೌಜಿ’ ಎಂಬ ಆಟವನ್ನು ನಟ ಅಕ್ಷಯ ಕುಮಾರರು ಘೋಷಿಸಿದರು. 2021ರ ಗಣರಾಜ್ಯೋತ್ಸವದ ದಿನ ಅದು ಹೊರಬಂದಿತು. ಅದರ ರಂಗಭೂಮಿ ಗಲ್ವಾನ್ ಕಣಿವೆ. ನಿಜವಾದ ಸೈನಿಕರು ಮಡಿದ ಜಾಗವನ್ನು ಎಂಟು ತಿಂಗಳೊಳಗೆ ಆಟದ ಅಂಗಳ ಮಾಡುವುದು ಶ್ರದ್ಧಾಂಜಲಿಯೋ ವ್ಯಾಪಾರವೋ? ಉತ್ಪನ್ನದ ಐದನೆಯ ಒಂದು ಭಾಗ ವೀರರ ನಿಧಿಗೆ ಎಂದು ಸಾರಿದ್ದು ಈ ಪ್ರಶ್ನೆಗೆ ಉತ್ತರವಾಗುತ್ತದೆಯೇ? ಇದು ಒಂಬತ್ತನೆಯ ಇಯತ್ತೆಯ ಚರ್ಚಾಕೂಟಕ್ಕೆ ಉತ್ತಮ ವಿಷಯ. ಇದಕ್ಕೆ ಬೇರೆಯಾಗಿ, ಪುಣೆಯ ತರುಣರು 2020ರಲ್ಲಿ ರಚಿಸಿದ ‘ರಾಜಿ’ ಎಂಬ ಆಟದಲ್ಲಿ ಬಾಲೆಯೊಬ್ಬಳು ಅಸುರರು ಒಯ್ದ ತಮ್ಮನನ್ನು ಹುಡುಕುತ್ತ ಹೋಗುತ್ತಾಳೆ. ಅಲ್ಲಿಯೂ ಕಾದಾಟವಿದೆ. ಆದರೆ ಕೊಲ್ಲುವುದು ಯಾವ ಕಾರಣಕ್ಕೆ ಎಂಬುದರಲ್ಲಿ ಇವೆರಡೂ ಪಬ್‌ಜಿಯಿಂದ ಭಿನ್ನವೆಂದು ಆಡಿದ ಹುಡುಗ ಹೇಳಬಲ್ಲನು. ನೋಡದ ತಂದೆ ಹೇಳಲಾರನು.

ಇಲ್ಲಿ ಭಾಷೆಯ ತೊಡಕೂ ಇದೆ. ಅಕ್ಕಲಕೋಟೆ ತಾಲೂಕಿನ ನಮ್ಮ ಹುಡುಗರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಆಟದೊಳಗೆ ದೂರದೂರದ ಜೊತೆಗಾರರೊಡನೆ ಹಿಂದಿ, ಶಬ್ದಗಳೆಲ್ಲ ಇಂಗ್ಲಿಷು. ಹೀಗಾಗಿ ದಿನಕ್ಕೆ ಎರಡು ತಾಸು ತಾನಿರುವ ಜಗತ್ತನ್ನು ತಂದೆಗೆ ಅವನ ಭಾಷೆಯಲ್ಲಿ ವರ್ಣಿಸಲು ಹುಡುಗನಿಗೆ ಮಾತೇ ಇಲ್ಲ. ಕೇಳಿದರೆ ‘ಏನಿಲ್ಲ, ಗೇಮ್’ ಎನ್ನುತ್ತಾನೆ.

ಕಳೆದ ವರ್ಷ ಒಂಬತ್ತನೆಯ ಇಯತ್ತೆಯವರಿಗೆ ಕನ್ನಡ ನಿಬಂಧಕ್ಕೆ ‘ನಾನು ಆಡುವ ಒಂದು ಆಟ’ ಎಂಬ ವಿಷಯ ಕೊಟ್ಟೆವು. ನಿಯಮ ಎರಡೇ: ಆಟವನ್ನು ಎಂದೂ ನೋಡದ ಅಜ್ಜನಿಗೆ ತಿಳಿಯುವಂತೆ ಬರೆಯಬೇಕು, ಬರೆದದ್ದನ್ನು ಮನೆಯಲ್ಲಿ ಓದಿ ತೋರಿಸಿ, ಕೇಳಿದ ಪ್ರಶ್ನೆಗಳನ್ನು ಕೆಳಗೆ ಬರೆದು ತರಬೇಕು. ಹುಡುಗರು ಒಳ್ಳೆಯ ಕನ್ನಡವನ್ನೇ ಹುಡುಕಿಕೊಂಡಿದ್ದರು. ಗಾಯಗೊಂಡು ನೆಲ ಹಿಡಿದ ಜೊತೆಗಾರನಿಗೆ ಜೀವ ಬರಿಸುವ ಕ್ರಿಯೆಗೆ ಒಬ್ಬನು ‘ಬಿದ್ದವನನ್ನು ಎಬ್ಬಿಸುವುದು’ ಎಂದು ಬರೆದಿದ್ದನು. ದುಡ್ಡು ಕೊಟ್ಟು ತೆರೆಯುವ, ಒಳಗೆ ಏನಿದೆಯೆಂದು ಮೊದಲೇ ತಿಳಿಯದ ಪೆಟ್ಟಿಗೆಗೆ ಒಬ್ಬಳು ‘ಮುಚ್ಚಿದ ಮುಷ್ಟಿ’ ಎಂದಿದ್ದಳು. ‘ಹಂಗಾರ ಇದೂ ಲಾಟರೀನ ಆತಲ್ಲ’ ಎಂದು ಅವಳ ಅಜ್ಜ ಅಂದದ್ದನ್ನೂ ಬರೆದು ತಂದಿದ್ದಳು. ಬೆಲ್ಜಿಯಂ ದೇಶವು 2018ರಲ್ಲಿ ಮುಟ್ಟಿದ ನಿರ್ಣಯ ಅದೇ.

ಬಿದ್ದವನನ್ನು ಎಬ್ಬಿಸುವ ಮಾತು ಬರೆದವನ ಹಾಳೆಯ ಕೆಳಗೆ ತಂದೆಯ ಪ್ರಶ್ನೆ ಒಂದೇ ಇತ್ತು: ‘ನೀ ಬಿದ್ದಾಗ ನಿನ್ನ ಎಬ್ಬಸಾಂವ ಯಾರು?’ ಅದರ ಮುಂದೆ ಹುಡುಗನು ಅಯ್ದು ಹೆಸರುಗಳನ್ನು ಬರೆದಿದ್ದನು. ಅವುಗಳಲ್ಲಿ ಎರಡು ನಮ್ಮ ಶಾಲೆಯವು. ಉಳಿದ ಮೂವರು ಯಾವ ಊರಿನವರೆಂಬುದು ಅವನಿಗೂ ಗೊತ್ತಿರಲಿಲ್ಲ. ಅಂದು ರಾತ್ರಿ ತಂದೆಯು ಮಗನ ಪಕ್ಕದಲ್ಲಿ ಕುಳಿತು ಒಂದು ಪೂರ್ತಿ ಆಟ ನೋಡಿದನಂತೆ.