ಗರಗಸದ ಹಲ್ಲು, ಉಳಿಯ ಗೆರೆ: ಹೊಯ್ಸಳ ಗುಡಿಗಳನ್ನು ತೆರೆಯ ಮೇಲೆ ಕಟ್ಟುತ್ತ ಕಲಿತ ಏಳು ಪಾಠ

ಅರಸೀಕೆರೆಯ ಈಶ್ವರ ದೇವಾಲಯ, ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ. ಈ ಮೂರನ್ನೂ ಕಂಪ್ಯೂಟರಿನಲ್ಲಿ ಕಟ್ಟಿ, ನೋಡುವವರು ಒಳಗೆಲ್ಲ ಓಡಾಡುವಂತೆ ಮಾಡಲು ಹೊರಟೆ. ಸೆಕೆಂಡಿಗೆ 60 ಚಿತ್ರ ಮೂಡಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಕಲ್ಲು, ಬಿಸಿಲು, ನೆರಳು ಎಲ್ಲ ಮುಗಿಸಿ, ಓರೆ ಅಂಚುಗಳಲ್ಲಿ ಪಿಕ್ಸೆಲ್ಲುಗಳಿಂದ ಮೂಡುವ ಗರಗಸದ ಹಲ್ಲುಗಳನ್ನು ಸವರುವುದಕ್ಕೂ ಅಷ್ಟರಲ್ಲೇ ಪುರಸೊತ್ತು ಮಾಡಿಕೊಳ್ಳಬೇಕು.

1. ಮುಗಿದ ಚಿತ್ರವನ್ನು ಸವರಿದರೆ ಶಿಲ್ಪವೂ ಸವೆಯುತ್ತದೆ

ಮೊದಲು ಹಾಕಿದ್ದು ಎಫ್‌ಎಕ್ಸ್‌ಎಎ. ಎನ್‌ವಿಡಿಯಾದ ಟಿಮೊತಿ ಲಾಟ್ಸ್ ರೂಪಿಸಿದ ವಿಧಾನ. ತಯಾರಾದ ಚಿತ್ರದಲ್ಲಿ ಬೆಳಕು ಥಟ್ಟನೆ ಬದಲಾಗುವ ಕಡೆ ಹುಡುಕಿ ಅಲ್ಲಿ ಬಣ್ಣ ಬೆರೆಸುತ್ತದೆ. ಅಗ್ಗ, ಚುರುಕು. ಸೂರಿನ ಹಲ್ಲುಗಳು ಹೋದವು. ಜೊತೆಗೆ ಬೇಲೂರಿನ ಮದನಿಕೆಯರ ಬಳೆಗಳ ಗೆರೆಯೂ ಹೋಯಿತು. ಉಳಿಯ ಗೆರೆ ಯಾವುದು, ಪಿಕ್ಸೆಲ್ಲಿನ ಮೆಟ್ಟಿಲು ಯಾವುದು ಎಂಬುದು ಅದಕ್ಕೆ ತಿಳಿಯದು.

2. ಹೆಚ್ಚು ಕಾಡುವುದು ಮಟ್ಟಸಕ್ಕೆ ಹತ್ತಿರದ ಅಂಚು

ಸುಮಾರು 1220ರ ಅರಸೀಕೆರೆ ಗುಡಿಯ ಮುಂಭಾಗದ ಮಂಟಪಕ್ಕೆ 16 ಮೂಲೆಗಳ ನಕ್ಷತ್ರದ ತಳವಿನ್ಯಾಸ. ಒಂದು ಸುತ್ತು ಬಂದರೆ ಎಲ್ಲ ಓರೆಯ ಅಂಚುಗಳೂ ಎದುರಾಗುತ್ತವೆ. ಪರೀಕ್ಷೆಗೆ ಹೇಳಿ ಮಾಡಿಸಿದ್ದು. 45 ಡಿಗ್ರಿಯ ಗೆರೆ ಅಷ್ಟು ಕಾಡಲಿಲ್ಲ. 20 ಪಿಕ್ಸೆಲ್ಲಿಗೆ ಒಂದೇ ಪಿಕ್ಸೆಲ್ ಏರುವ ಗೆರೆ ಮಾತ್ರ ಕಸೂತಿಯ ಮುರ್ಗಿ ಹೊಲಿಗೆಯಂತೆ ಮೆಟ್ಟಿಲಾಯಿತು, ಹೆಜ್ಜೆ ಇಟ್ಟರೆ ತೆವಳಿತು. ಆಗ ಹಿಡಿದ ಇನ್ನೊಂದು ವಿಧಾನವಾದ ಎಂಎಸ್‌ಎಎ ಪಿಕ್ಸೆಲ್ಲಿನೊಳಗೆ ನಾಲ್ಕು ಚುಕ್ಕಿ ಇಟ್ಟು, ಕಲ್ಲು ಎಷ್ಟು ಚುಕ್ಕಿಗಳನ್ನು ಮುಚ್ಚಿದೆ ಎಂದು ಎಣಿಸುತ್ತದೆ. ಎರಡು ಸಾಲಾಗಿ ಎರಡೆರಡು ಇಟ್ಟರೆ ಸಿಗುವುದು ಎರಡೇ ಎತ್ತರ. ಚೌಕವನ್ನು ತುಸು ತಿರುಗಿಸಿ ಇಟ್ಟರೆ ನಾಲ್ಕು. ಚುಕ್ಕಿ ಎಷ್ಟು ಎನ್ನುವುದರ ಜೊತೆಗೆ ಅವು ಕೂತಿರುವ ಜಾಗವನ್ನೂ ನೋಡಿ.

3. ಚಿತ್ರದಲ್ಲಿ ಕೊರೆದ ತೂತು ಎಂಎಸ್‌ಎಎಗೆ ಕಾಣುವುದಿಲ್ಲ

ಬೇಲೂರಿನ ಜಾಲಂಧ್ರಗಳನ್ನು ಸಪಾಟು ಹಲಗೆಯ ಮೇಲೆ ಪಾರದರ್ಶಕ ಚಿತ್ರ ಅಂಟಿಸಿ ಮಾಡಿದ್ದೆ. ಅರಸೀಕೆರೆಯ ತೆಂಗಿನ ಗರಿಗಳನ್ನೂ ಹಾಗೆಯೇ. ಹಲ್ಲುಗಳು ಜಪ್ಪಯ್ಯ ಎನ್ನಲಿಲ್ಲ. ಹಲಗೆಯ ಅಂಚಷ್ಟೇ ಎಂಎಸ್‌ಎಎಗೆ ಗೊತ್ತು. ಹತ್ತಿರದ ಜಾಲಂಧ್ರಕ್ಕೆ ನಿಜವಾದ ತ್ರಿಭುಜಗಳಲ್ಲೇ ರಂಧ್ರ ಕೊರೆದೆ. ಗರಿಗಳಿಗೆ ಪಾರದರ್ಶಕತೆಯನ್ನೇ ಚುಕ್ಕಿಗಳ ಲೆಕ್ಕಕ್ಕೆ ಇಳಿಸುವ ಆಲ್ಫಾ ಟು ಕವರೇಜ್ ಹಾಕಿದೆ. ಇನ್ನೊಂದು ಎಡವಟ್ಟು: ದೂರ ಹೋದಂತೆ ತೋಟ ಬೋಳಾಗತೊಡಗಿತು. ಚಿತ್ರ ಚಿಕ್ಕದಾದಾಗ ಗರಿಯ ಆಲ್ಫಾದ (ಎಷ್ಟು ಮುಚ್ಚುತ್ತದೆ ಎಂಬ ಅಳತೆಯ) ಸರಾಸರಿ, ಚುಕ್ಕಿ ತುಂಬಲು ಬೇಕಾದ ಮಿತಿಗಿಂತ ಕೆಳಗಿಳಿಯುತ್ತಿತ್ತು. ಪ್ರತಿ ಹಂತದಲ್ಲೂ ಆಲ್ಫಾವನ್ನು ಹಿಗ್ಗಿಸಿ, ಮುಚ್ಚಿದ ಭಾಗದ ಪಾಲು ಒಂದೇ ಇರುವಂತೆ ಮಾಡಿದ ಮೇಲೆ ತೆಂಗು ಚಿಗುರಿತು.

4. ದೂರದ ಆನೆ ಆನೆಯಾಗಿಯೇ ಕಾಣಬೇಕಿಲ್ಲ

ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು. ವಿವರ ಕಳೆಯಬಾರದೆಂದು ಆ ಗೋಡೆಗೆ, ದೂರಕ್ಕೆ ತಕ್ಕಂತೆ ಚಿತ್ರದ ಸರಾಸರಿ ತೆಗೆದ ಚಿಕ್ಕ ಪ್ರತಿಗಳನ್ನು ಬಳಸುವ ಮಿಪ್‌ಮ್ಯಾಪ್ ತೆಗೆದಿದ್ದೆ. ದೂರದಿಂದ ಒಂದೇ ಪಿಕ್ಸೆಲ್ಲಿನಲ್ಲಿ ಸೊಂಡಿಲು, ಕಾಲು, ನೆರಳು ಎಲ್ಲ ತುರುಕಿಕೊಂಡು, ಚಿತ್ರಕ್ಕೊಂದು ಮೇಲೆ ಬಂದು, ಗೋಡೆಯ ತುಂಬ ಇರುವೆ ಹರಿದಂತಾಯಿತು. ಆಮೇಲೆ ಗುಡಿಯ ಅಂಗಳದಲ್ಲಿ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ: ಆನೆಗಳೆಲ್ಲ ಸೇರಿ ತರಿತರಿಯಾದ ಒಂದು ಬೂದು ಪಟ್ಟಿ. ನಮ್ಮ ಕಣ್ಣೂ ಸರಾಸರಿಯನ್ನೇ ತೆಗೆಯುತ್ತದೆ. ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ಕೊಟ್ಟ ಮಿಪ್‌ಮ್ಯಾಪ್ ವಾಪಸು ಬಂತು. ಗೋಡೆಯ ಉದ್ದಕ್ಕೂ ಓರೆಯಾಗಿ ನೋಡುವಾಗ ಮಸುಕಾಗದಿರಲು 16 ಪಟ್ಟು ಅನೈಸೊಟ್ರೊಪಿಕ್ ಫಿಲ್ಟರ್ ಸೇರಿಸಿದೆ.

5. ಹೊಳಪಿಗೂ ಹಲ್ಲು ಇರುತ್ತದೆ

ತಿರುಗಣಿಯಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳಿಗೆ ಸಾಲು ಸಾಲು ಬಳೆಗಳು. ಪ್ರತಿ ಬಳೆಯ ಮೇಲೂ ಮಿಂಚು ಹಾರುತ್ತಿತ್ತು. ಎಂಎಸ್‌ಎಎಯಲ್ಲಿ ಬಣ್ಣದ ಲೆಕ್ಕ ತ್ರಿಭುಜವೊಂದಕ್ಕೆ ಪಿಕ್ಸೆಲ್ಲಿಗೆ ಒಂದೇ ಸಲ. ಹಾಗಾಗಿ ಅದು ಇಲ್ಲಿ ಕೈಲಾಗದ್ದು. ದಾರಿ ಕಂಡದ್ದು ಟಾಕ್ಸ್‌ವಿಗ್ ಉಪಾಯದಲ್ಲಿ. ಮೇಲ್ಮೈ ಎತ್ತ ಮುಖ ಮಾಡಿದೆ ಎಂದು ತೋರಿಸುವ ಬಾಣವೇ ನಾರ್ಮಲ್. ಬೇರೆ ಬೇರೆ ದಿಕ್ಕಿನ ನಾರ್ಮಲ್‌ಗಳ ಸರಾಸರಿ ತೆಗೆದರೆ ಬಾಣ ಗಿಡ್ಡವಾಗುತ್ತದೆ. ಎಷ್ಟು ಗಿಡ್ಡವೋ ಅಷ್ಟು ಒರಟು ಎಂದು ಹಿಡಿದರೆ ಹೊಳಪು ಹರಡಿಕೊಳ್ಳುತ್ತದೆ.

6. ಬಾಗಿಲ ಬೆಳಕಿಗೆ ಬೇರೆ ಲೆಕ್ಕ

ಕತ್ತಲ ನವರಂಗದಿಂದ ಬಾಗಿಲ ಕಡೆ ನೋಡಿದರೆ ಹಲ್ಲುಗಳು ಮತ್ತೆ ಹಾಜರ್. ಒಳಗಿನ ಕಲ್ಲು 0.1, ಹೊರಗಿನ ಆಕಾಶ 40. ನಾಲ್ಕರಲ್ಲಿ ಒಂದೇ ಚುಕ್ಕಿ ಆಕಾಶದ್ದಾದರೂ ಸರಾಸರಿ 10 ದಾಟುತ್ತದೆ. ತೆರೆಯ ಗರಿಷ್ಠ 1. ಅಂದಮೇಲೆ ನಡುವಿನ ಛಾಯೆಗಳೆಲ್ಲ ಅಚ್ಚ ಬಿಳಿ. ಪ್ರತಿ ಚುಕ್ಕಿಯ ಬೆಳಕನ್ನು ಮೊದಲು ತೆರೆಗೆ ಒಗ್ಗುವಷ್ಟು ತಗ್ಗಿಸಿ, ಆಮೇಲೆ ಸರಾಸರಿ ತೆಗೆಯಿರಿ.

7. ಕಾಲದ ಸಹಾಯ ಕೊನೆಗೆ, ಹಿತವಾಗಿ

ಹಿಂದಿನ ಚಿತ್ರಗಳ ನೆರವು ಪಡೆಯುವ ಟಿಎಎ ವಿಧಾನ ಕ್ಯಾಮೆರಾವನ್ನು ಪ್ರತಿ ಚಿತ್ರಕ್ಕೂ ಪಿಕ್ಸೆಲ್ಲಿಗಿಂತ ಕಡಿಮೆ ಕದಲಿಸಿ, ಹಳೆಯ ಚಿತ್ರಗಳ ಜೊತೆ ಹೊಸದನ್ನು ಹತ್ತನೇ ಒಂದರಷ್ಟು ಬೆರೆಸುತ್ತದೆ. ನಿಂತು ನೋಡಿದರೆ ಚಂದ. ಆದರೆ ಜಾಲಂಧ್ರದ ಮುಂದೆ ಹಾರಿದ ಪಾರಿವಾಳಕ್ಕೆ ಬಾಲ ಬೆಳೆಯಿತು. ಹಳೆಯ ಬಣ್ಣವನ್ನು ಸುತ್ತಲಿನ 3×3 ಪಿಕ್ಸೆಲ್‌ಗಳ ಮಿತಿಯೊಳಗೆ ಬಿಗಿದೆ. ಬಾಲ ಹೋಯಿತು, ಜಾಲಂಧ್ರ ಮಿಣುಕತೊಡಗಿತು. ಸಡಿಲಿಸಿದರೆ ಬಾಲ, ಬಿಗಿದರೆ ಮಿಣುಕು. ಜಾಲಂಧ್ರ, ಆನೆ ಸಾಲು, ಕಂಬಗಳನ್ನು ಅವುಗಳ ಹುಟ್ಟಿನಲ್ಲೇ ಸರಿಪಡಿಸಿದ ಮೇಲೆ ಟಿಎಎಗೆ ಉಳಿದದ್ದು ಚೂರು ಕೆಲಸ. ಬಿಗಿಯಾಗಿಟ್ಟರೂ ಏನೂ ಮಿಣುಕಲಿಲ್ಲ. ಮದನಿಕೆಯರ ಬಳೆಗಳನ್ನು ಈಗ ಎಣಿಸಬಹುದು.