ಹೆಂಚಿನ ಮನೆಯಲ್ಲಿ ಸ್ಟುಡಿಯೋ

ಅಜ್ಜನ ಹೆಂಚಿನ ಮನೆಯನ್ನು ಫೋಟೋ ಸ್ಟುಡಿಯೋ ಮಾಡಲು ಹೊರಟಿದ್ದೀರಿ, ಸಂತೋಷ. ಇರುವಷ್ಟು ದುಡ್ಡನ್ನು ಫಾಲ್ಸ್ ಸೀಲಿಂಗಿಗೆ ಸುರಿಯಬೇಡಿ. ಮೊದಲು ಒಡೆದ ಹೆಂಚು ಬದಲಿಸಿ, ಹಳೆಯ ವೈರಿಂಗ್ ಕಿತ್ತು ಅರ್ಥಿಂಗ್ ಸಮೇತ ಹೊಸದು ಹಾಕಿಸಿ. ಇವೆರಡರಲ್ಲಿ ಚೌಕಾಸಿ ಬೇಡ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಪದರ ಏಳುತ್ತದೆ; ಸುಣ್ಣವನ್ನೇ ಬಳಿಸಿ, ಅಗ್ಗವೂ ಹೌದು. ಹಸಿರು ಬಣ್ಣ ಮಾತ್ರ ಬೇಡ, ಗೋಡೆಯಿಂದ ಪುಟಿದ ಬೆಳಕಿಗೆ ಫೋಟೋದಲ್ಲಿ ಮದುಮಗಳ ಕೆನ್ನೆಯೂ ಹಸಿರಾದೀತು! ಉತ್ತರದ ಕಿಟಕಿ ಮುಚ್ಚಬೇಡಿ, ಅಲ್ಲಿಂದ ಬರುವುದು ಮೆದು ಬೆಳಕು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಆಳೆತ್ತರದ ಚಿತ್ರಕ್ಕೆ 85 ಎಂಎಂ ಲೆನ್ಸಾದರೆ ಸುಮಾರು 16 ಅಡಿ ದೂರ ಬೇಕು, 50 ಎಂಎಂಗೆ 10 ಅಡಿ ಸಾಕು. ಹಾಗಾಗಿ ಜಾಗ ಸಾಲದೆಂದು ಗೋಡೆ ಒಡೆಯುವ ಮುನ್ನ ಟೇಪು ಹಿಡಿದು ಅಳೆಯಿರಿ. ಒಡೆಯಲೇಬೇಕಾದರೆ, ಅದು ಮಾಡಿನ ಭಾರ ಹೊತ್ತಿದೆಯೇ ಎಂದು ಅನುಭವಿ ಮೇಸ್ತ್ರಿಗೆ ತೋರಿಸದೆ ಹಾರೆ ಮುಟ್ಟಬೇಡಿ.